ಒಂಟಿ ಚಪ್ಪಲಿಯ ಮಿಯೋಸಿಸ್

ಬಯಾಲಜಿಯಲ್ಲಿ ಎಷ್ಟೋ ಪಾಠಗಳು ಯಾರಿಗೂ ತೊಂದರೆ ಕೊಡದೆ ಮುಗಿದುಹೋಗುತ್ತವೆ. ಜೀವಕೋಶ ವಿಭಜನೆ ಹಾಗಲ್ಲ. ಅದನ್ನು ಶುರು ಮಾಡಿದ ವಾರವೆಲ್ಲ ನಮ್ಮ ಟ್ಯೂಷನ್ನಿನಲ್ಲಿ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತದೆ. ಜೀವನ್ ಬಿಮಾ ನಗರದ ಒಂದು ಬೇಕರಿಯ ಮೇಲಿನ ಮಹಡಿ ನಮ್ಮದು. ನಾನು ಸೇರಿ ಆಗ ಒಂದು ತಿಂಗಳು. ಶನಿವಾರ ಪೇರೆಂಟ್ಸ್ ಮುಂದೆ ಡೆಮೊ ಕ್ಲಾಸ್ ಮಾಡಬೇಕು, ಅವರು ಒಪ್ಪಿದರೆ ಕೆಲಸ ಖಾಯಂ, ಒಪ್ಪದಿದ್ದರೆ ನನ್ನ ಜಾಗದಲ್ಲಿ ಟಿವಿ ಹಾಕಿ ರೆಕಾರ್ಡ್ ಮಾಡಿದ ಪಾಠ ತೋರಿಸುವುದಾಗಿ ಟ್ಯೂಷನ್ ನಡೆಸುವ ಸರ್ ಹೇಳಿದ್ದರು. ಟಿವಿ ಆಗಲೇ ಬಂದು, ಡಬ್ಬದ ಸಮೇತ ಮೂಲೆಯಲ್ಲಿ ನಿಂತು ನನ್ನ ಪಾಠ ಕೇಳುತ್ತಿತ್ತು.

೧. ಎರಡಕ್ಕಿಂತ ನಾಲ್ಕು ಜಾಸ್ತಿ

ಸೋಮವಾರ ಸರ್ ಕರೆದು, ಈ ಮೈಟೋಸಿಸ್‌ಗೂ ಮಿಯೋಸಿಸ್‌ಗೂ ಏನು ವ್ಯತ್ಯಾಸ ಎಂದು ಕೇಳಿದರು. ಒಂದು ಕೋಶದಿಂದ ಮೊದಲನೆಯದರಲ್ಲಿ ಎರಡು ಕೋಶ ಬರುತ್ತವೆ, ಎರಡನೆಯದರಲ್ಲಿ ನಾಲ್ಕು ಎಂದೆ.

"ಮತ್ತೆ ಎರಡು ಕೊಡೋದನ್ನ ಯಾಕ್ರೀ ಹೇಳ್ಕೊಡ್ತೀರಾ? ನಾಲ್ಕು ಕೊಡೋದನ್ನೇ ಮಾಡಿ."

ನಾನು ಮೆಲ್ಲಗೆ ವಿವರಿಸಿದೆ. ಎರಡರಲ್ಲೂ ಮೊದಲು ಕ್ರೋಮೋಸೋಮ್‌ಗಳ ಕಾಪಿ ತಯಾರಾಗುತ್ತದೆ. ಮೈಟೋಸಿಸ್ ಒಂದೇ ಸಲ ಒಡೆಯುತ್ತದೆ, ಹಾಗಾಗಿ ಎರಡು ಕೋಶಕ್ಕೂ ಪೂರ್ತಿ ನಲವತ್ತಾರು ಸಿಗುತ್ತವೆ. ಮಕ್ಕಳು ಎತ್ತರ ಬೆಳೆಯುವುದು, ಗಾಯ ಮಾಯುವುದು ಇದರಿಂದಲೇ. ಮಿಯೋಸಿಸ್ ಎರಡು ಸಲ ಒಡೆಯುತ್ತದೆ, ನಾಲ್ಕು ಕೋಶ ಬಂದರೂ ಒಂದೊಂದರಲ್ಲಿ ಇರುವುದು ಅರ್ಧ, ಇಪ್ಪತ್ತಮೂರೇ. ಅದು ಅಂಡಾಣು, ವೀರ್ಯಾಣುಗಳಿಗೆ ಮಾತ್ರ.

ಸರ್ ಎದ್ದು ಬಾಗಿಲು ಮುಚ್ಚಿದರು. ಆಮೇಲೆ ದನಿ ತಗ್ಗಿಸಿ, "ಈ ಅರ್ಧ ಅನ್ನೋ ಮಾತು ಪೇರೆಂಟ್ಸ್ ಮುಂದೆ ಬೇಡ. ಅಡ್ಮಿಷನ್ ಟೈಮು" ಎಂದರು.

೨. ಯಾರ ಕಡೆಯದು

ಗುರುವಾರ ಒಬ್ಬ ಹುಡುಗನ ತಾಯಿ ನೋಟ್‌ಬುಕ್ ಹಿಡಿದುಕೊಂಡು ಬಂದರು. ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಅಂತ ಬರೆಸಿದ್ದೀರಿ, ಇವನ ಮೊಂಡುತನ ಯಾರ ಕಡೆಯದು ಅಂತ ಇವತ್ತು ಇತ್ಯರ್ಥ ಆಗಬೇಕು ಎಂದರು.

ಅಷ್ಟು ಸುಲಭವಾಗಿ ಹೇಳಕ್ಕಾಗಲ್ಲ ಎಂದೆ. ಮಿಯೋಸಿಸ್‌ನಲ್ಲಿ ಬೇರೆಯಾಗುವ ಮೊದಲು ಜೋಡಿ ಕ್ರೋಮೋಸೋಮ್‌ಗಳು ಪಕ್ಕಪಕ್ಕ ಕೂತು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಆಮೇಲೆ ಯಾವುದು ಯಾವ ಕಡೆ ಹೋಗುತ್ತದೋ ಲೆಕ್ಕವಿಲ್ಲ, ಅದಕ್ಕೇ ಒಂದೇ ಮನೆಯ ಇಬ್ಬರು ಮಕ್ಕಳು ಒಂದೇ ಥರ ಇರುವುದಿಲ್ಲ, ಮೈಟೋಸಿಸ್‌ನಲ್ಲಿ ಈ ಬೆರಕೆಯೆಲ್ಲ ಇಲ್ಲ, ಇದ್ದದ್ದು ಇದ್ದ ಹಾಗೇ ಕಾಪಿ ಎಂದೆ. ನಿಮ್ಮ ಯಜಮಾನರ ಮೈಯಲ್ಲಿ ನಿಮ್ಮ ಅತ್ತೆಯದೂ ಮಾವನದೂ ಬೆರೆತು, ಅದರಲ್ಲಿ ಅರ್ಧ ನಿಮ್ಮ ಮಗನಿಗೆ ಬಂದಿರುತ್ತದೆ ಎಂದೂ ಸೇರಿಸಿದೆ.

"ನಮ್ಮತ್ತೆದು ಪೂರ್ತಿ ಬಂದಿಲ್ಲ ತಾನೇ?"

ಇಲ್ಲ ಎಂದೆ. ಅವರು ನೋಟ್‌ಬುಕ್ ಮುಚ್ಚಿದರು. "ಹಂಗಾದ್ರೆ ಮಿಯೋಸಿಸ್ ಒಳ್ಳೇದೇ ಬಿಡಿ ಮಿಸ್."

೩. ಒಣ ಕಸ

ಶನಿವಾರ ಬೆಳಿಗ್ಗೆ ಪೇರೆಂಟ್ಸ್ ಎಲ್ಲ ಮಕ್ಕಳ ಜೊತೆ ಬಾಗಿಲಾಚೆ ಚಪ್ಪಲಿ ಬಿಟ್ಟು ಬಂದು ಕೂತರು. ಅಷ್ಟೊಂದು ದೊಡ್ಡವರ ಮುಂದೆ ಪಾಠ ಮಾಡುವುದು ನನಗೆ ಅದೇ ಮೊದಲು. ಬೋರ್ಡ್ ಕಡೆ ತಿರುಗಿ "ಗುಡ್ ಮಾರ್ನಿಂಗ್" ಎಂದು ಬರೆದೆ. ಹಿಂದಿನಿಂದ ಸರ್ ಕೆಮ್ಮಿದರು.

ಆಗ ಬಾಗಿಲಾಚೆಯ ಚಪ್ಪಲಿ ರಾಶಿ ಕಣ್ಣಿಗೆ ಬಿತ್ತು. ಎಲ್ಲರನ್ನೂ ಬಾಗಿಲ ಹತ್ತಿರ ಕರೆದು, ಮಿಯೋಸಿಸ್‌ನ ಮೊದಲನೇ ವಿಭಜನೆಯನ್ನು ಇದರಲ್ಲೇ ತೋರಿಸುತ್ತೇನೆ ಎಂದೆ. ಒಂದೊಂದು ಜೊತೆ ಚಪ್ಪಲಿ ಒಂದೊಂದು ಜೋಡಿ ಕ್ರೋಮೋಸೋಮ್. ಪ್ರತಿ ಜೊತೆಯಿಂದ ಒಂದು ಮೇಲೆ ಉಳಿಯಲಿ, ಇನ್ನೊಂದು ಮೆಟ್ಟಿಲ ಕೆಳಗೆ ಹೋಗಲಿ, ಎಡವೋ ಬಲವೋ ಕೈಗೆ ಸಿಕ್ಕಿದ್ದು. ಮಕ್ಕಳು ಖುಷಿಯಿಂದ ಓಡಾಡಿ ಹಂಚಿದರು. ನಮ್ಮ ಸರ್‌ದು ಹೊಸ ಶೂ, ಅದನ್ನೂ ಬಿಡಲಿಲ್ಲ. ಪೇರೆಂಟ್ಸ್ ಚಪ್ಪಾಳೆ ಹೊಡೆದರು. ಒಳಗೆ ಹೋಗಿ ಎರಡನೇ ವಿಭಜನೆಯನ್ನು ಬೋರ್ಡ್ ಮೇಲೆ ಮುಗಿಸಿ ಬಂದು ನೋಡಿದರೆ ಮೆಟ್ಟಿಲ ಕೆಳಗೆ ಏನೂ ಇಲ್ಲ.

ಮರ್ಫಿ ಟೌನ್‌ನಿಂದ ಬಂದು ಬಿಲ್ಡಿಂಗ್ ಗುಡಿಸುವ ಅಕ್ಕ ಪೊರಕೆ ಹಿಡಿದು ನಿಂತಿದ್ದರು. ಚಪ್ಪಲಿ ಎಲ್ಲಿ ಅಕ್ಕ ಎಂದೆ.

"ಎಲ್ಲಾ ಒಂಟಿ ಒಂಟಿ ಬಿದ್ದಿತ್ತಲ್ಲಮ್ಮಾ. ಗಾಡಿಗೆ ಹಾಕ್ಬಿಟ್ಟೆ." ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. "ಹಸಿ ಕಸಕ್ಕೆ ಹಾಕಿಲ್ಲಮ್ಮಾ, ಒಣ ಕಸಕ್ಕೇ ಹಾಕಿದೀನಿ."

೪. ತೀರ್ಮಾನ

ಸರ್ ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಬರೀ ಸಾಕ್ಸ್ ಹಾಕಿಕೊಂಡು ಮುಖ್ಯರಸ್ತೆವರೆಗೂ ಓಡಿದರು. ಕಸದ ಗಾಡಿ ಸಿಗಲಿಲ್ಲ. ವಾಪಸ್ ಬಂದವರೇ, ಒಂದೊಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ಪೇರೆಂಟ್ಸ್‌ಗೆಲ್ಲ ಕೈಮುಗಿದು, ಈ ಮಿಸ್ ಇನ್ನೂ ಖಾಯಂ ಆಗಿಲ್ಲ, ಸೋಮವಾರದಿಂದ ಟಿವಿಯಲ್ಲೇ ಪಾಠ ಎಂದುಬಿಟ್ಟರು. ನಾನು ಬ್ಯಾಗ್ ಎತ್ತಿಕೊಂಡೆ.

ಮೊಂಡುತನದ ಹುಡುಗನ ತಂದೆ ಕೈಯಲ್ಲಿದ್ದ ಬಲಗಾಲಿನ ಚಪ್ಪಲಿಯನ್ನೇ ನೋಡುತ್ತಾ ನಿಂತಿದ್ದರು. "ಮಿಸ್, ನೀವು ಮೈಟೋಸಿಸ್ ತೋರಿಸಿದ್ದಿದ್ರೆ ಕೆಳಗೂ ಪೂರ್ತಿ ಜೊತೆ, ಮೇಲೂ ಪೂರ್ತಿ ಜೊತೆ ಇರ್ತಿತ್ತು. ಅಲ್ವಾ?"

ಹೌದು ಎಂದೆ.

"ನೋಡಿ, ಇವರಿಗೇ ಅರ್ಥ ಆಗಿದೆ ಅಂದ್ರೆ ಇನ್ನೇನು ಬೇಕು" ಎಂದರು ಅವರ ಹೆಂಡತಿ. ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಹಿರಿಯರು ನೀವೇ ಹೇಳಿ ಎಂದು ಶಿವಾಜಿನಗರದಿಂದ ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯ ಕಡೆ ತಿರುಗಿದರು.

ಅಜ್ಜಿ ಗೋಡೆಗೆ ಅಂಟಿಸಿದ್ದ ಟೈಮ್‌ಟೇಬಲ್ ತೋರಿಸಿ ಮೊಮ್ಮಗಳನ್ನು ಏನೋ ಕೇಳಿದರು. ಅವಳು ಕಿವಿಯಲ್ಲಿ ಹೇಳಿದಳು. ಅಜ್ಜಿ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಸರ್‌ಗೆ ಹೇಳಿದರು:

"ಟಿವಿ ವಾಪಸ್ ಕಳಿಸಿ, ಈ ಮಿಸ್ ಬೇಟಿನೇ ಇರಲಿ. ಆದ್ರೆ ಮುಂದಿನ ವಾರ ರಿಪ್ರೊಡಕ್ಷನ್ ಪಾಠ ಅಂತೆ. ಅದನ್ನ ಮಾತ್ರ ಬೋರ್ಡ್ ಮೇಲೇ ಮುಗಿಸೋಕೆ ಹೇಳಿ."