ಬಾವಿಗೆ ಬಿದ್ದ ಪಿಎಚ್.ಡಿ.

ಸಂಶೋಧನೆ ಮಾಡುವವನು ಅದನ್ನು ಮನೆಯವರಿಗೆ ತೋರಿಸಲು ಹೋಗಬಾರದು. ಶಹಬ್ಬಾಸ್‌ಗಿರಿಯ ಚಪಲ ತಡೆಯದಿದ್ದರೆ ಗೋಡೆಯ ಮುಂದೆ ನಿಂತು ಹೇಳಿಕೊಳ್ಳಲಿ. ಗೋಡೆ ಕೇಳಿಸಿಕೊಂಡು ಸುಮ್ಮನಿರುತ್ತದೆ. ನಮ್ಮವ್ವ ಸುಮ್ಮನಿರುವವಳಲ್ಲ.

ತೊಂಬತ್ತರ ದಶಕದಲ್ಲಿ ನಾನು ಬೋರಗಾಂವದಿಂದ ಬಸ್ಸಿನಲ್ಲಿ ಜೋತಾಡುತ್ತ ಹೋಗಿ ನಿಪ್ಪಾಣಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೆ, ಜೊತೆಗೆ ಪಿಎಚ್.ಡಿ. ಎಂಬ ಉಪದ್ವ್ಯಾಪ. ವಿಷಯ, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಕಣಗಳು. ಕಣ್ಣಿಗೆ ಕಾಣದಷ್ಟು ಸಣ್ಣವು. ಅವಕ್ಕೆ ಗಂಜಿಯ ಲೇಪ ಕೊಟ್ಟು, ಔಷಧ ಹೊರಿಸಿ ರಕ್ತದೊಳಗೆ ಬಿಟ್ಟು, ಹೊರಗಿನಿಂದ ಅಯಸ್ಕಾಂತ ಹಿಡಿದರೆ ರೋಗವಿದ್ದ ಜಾಗಕ್ಕೇ ಹೋಗಿ ನಿಲ್ಲಬೇಕು. ನನ್ನ ಕಣಗಳು ಮಾತ್ರ ಲೇಪ ಕಿತ್ತೊಗೆದು, ಒಂದನ್ನೊಂದು ಅಪ್ಪಿಕೊಂಡು, ಬಾಟಲಿಯ ತಳದಲ್ಲಿ ಗಂಟು ಕಟ್ಟಿ ಕೂಡುತ್ತಿದ್ದವು. ನಮ್ಮ ಗೈಡ್ ಸಾಹೇಬರು ಪ್ರತಿ ಸಲ ಬಾಟಲಿ ಎತ್ತಿ ನೋಡಿ, "ಏನ್ರಿ ಪಾಟೀಲ್ರ, ಇದು ಔಷಧೋ, ಗಟಾರದ ರಾಡಿಯೋ?" ಎನ್ನುತ್ತಿದ್ದರು. ಅಂತೂ ಒಂದು ಬಾಟಲಿ, ದೇವರು ಕಣ್ಣು ಬಿಟ್ಟಂತೆ, ತಳ ಕಟ್ಟದೆ ನಿಂತಿತು. ಮರುದಿನ ಸಾಹೇಬರು ಅದನ್ನು ನೋಡಲೆಂದು ಮನೆಗೇ ಊಟಕ್ಕೆ ಬರುವವರು. ಇದೂ ಕೆಟ್ಟಿದ್ದರೆ ವಿಷಯವನ್ನೇ ಬದಲಿಸಬೇಕೆಂದು ತಾಕೀತಾಗಿತ್ತು.

ಮನೆಗೆ ತಂದವನು ಸುಮ್ಮನೆ ಎತ್ತಿಡಬೇಕೋ ಬೇಡವೋ? ಅವ್ವನನ್ನು ಕರೆದು, ಬಾಟಲಿಗೆ ಅಯಸ್ಕಾಂತ ಹಿಡಿದೆ. ಒಳಗಿನ ಕಪ್ಪು ಅದರ ಕಡೆಗೆ ಸರಿದು ಗಾಜಿಗೆ ಮೆತ್ತಿಕೊಂಡಿತು.

"ಅಯ್ಯಯ್ಯ, ಒಳಗ ಜೀವ ಅದಾವಲ್ಲೋ!" ಎಂದಳು ಅವ್ವ.

"ಜೀವ ಅಲ್ಲಬೇ, ಕಬ್ಬಿಣ."

"ಕಬ್ಬಿಣ ನೀರಾಗ ಮುಳಗತೈತಿ. ಇವು ತೇಲಾಡಾಕತ್ತಾವ. ನನಗ ಹೇಳ್ತಿ?"

ನಮ್ಮದು ಜೈನರ ಮನೆ. ಬಾವಿನೀರನ್ನು ಮಡಚಿದ ಅರಿವೆಯಲ್ಲಿ ಸೋಸದೆ ಹನಿಯೂ ಬಾಯಿಗೆ ಹೋಗದು. ಅರಿವೆಯಲ್ಲಿ ಉಳಿದ ಸೂಕ್ಷ್ಮ ಜೀವಗಳು ಸಾಯಬಾರದೆಂದು, ಅದನ್ನು ತೊಳೆದ ನೀರನ್ನು ಮತ್ತೆ ಬಾವಿಗೇ ಬಿಡಬೇಕು. ಅದೂ ಮೇಲಿನಿಂದ ಸುರಿಯದೆ, ಕೊಡ ಇಳಿಸಿ, ಮೆಲ್ಲಗೆ. ಮರುದಿನ ನಾನು ಸಾಹೇಬರನ್ನು ಬಸ್ ಸ್ಟ್ಯಾಂಡಿನಿಂದ ಕರೆತರುವಷ್ಟರಲ್ಲಿ ಬಾಟಲಿ ತೊಳೆದು ಬೋರಲು ಹಾಕಿತ್ತು.

"ಅವ್ವಾ, ಇದರಾಗಿಂದು ಎಲ್ಲಿ?"

"ಸೋಸಿದ್ನೆಪಾ. ಅರಿವಿ ಮ್ಯಾಲ ಒಂದೂ ಉಳೀಲಿಲ್ಲ, ಅಷ್ಟು ಸಣ್ಣವು, ಪಾಪ. ಅದಕ್ಕ ಎಲ್ಲಾ ಬಾವಿಗೆ ಬಿಟ್ಟೆ. ಮೆಲ್ಲಕ ಬಿಟ್ಟೇನಿ, ಪೆಟ್ಟಾಗಿಲ್ಲ."

ಪೆಟ್ಟು ನನಗಾಗಿತ್ತು! ಈ ಮನೆಯಲ್ಲಿ ಹುಟ್ಟಿ ವಿಜ್ಞಾನ ಓದುವ ಬದಲು ನಿಪ್ಪಾಣಿಯಲ್ಲಿ ತಂಬಾಕು ಮಾರಿಕೊಂಡಿದ್ದರೆ ಸುಖವಾಗಿರುತ್ತಿದ್ದೆ ಎಂದು ಹಣೆ ಹಣೆ ಬಡಿದುಕೊಂಡೆ. ಸಾಹೇಬರು ಮಾತ್ರ ಅವ್ವನ ಕಡೆ ತಿರುಗಿ, "ಅರಿವಿ ಮ್ಯಾಲ ಖರೇನ ಏನೂ ಉಳೀಲಿಲ್ಲೇನ್ರಿ ಅವ್ವಾರ?" ಎಂದರು. ಅವ್ವ ಆಣೆ ಮಾಡಿದಳು.

"ಹಂಗಾರ ಗಂಟು ಕಟ್ಟಿಲ್ಲ. ಲೇಪ ಕೂತೈತಿ. ಪಾಟೀಲ್ರ, ಇನ್ನೊಂದು ಬಾಟ್ಲಿ ಮಾಡ್ರಿ, ವಿಷಯ ಬದಲಿ ಮಾಡೂದು ಬ್ಯಾಡ."

ಅಳು ಬರುವಷ್ಟು ಖುಷಿಯಾಯಿತು. ಊಟಕ್ಕೆ ಕೂತೆವು. ಅವ್ವ ಆಗಷ್ಟೇ ಸೇದಿ ಸೋಸಿದ ನೀರನ್ನು ಇಬ್ಬರ ಲೋಟಕ್ಕೂ ಬಗ್ಗಿಸಿದಳು. ನಾನು ಲೋಟ ನೋಡಿದೆ. ಸಾಹೇಬರು ನನ್ನನ್ನು ನೋಡಿದರು.

"ಕುಡೀರಿ. ಮನುಷ್ಯನ ಮೈಗೆ ಏನೂ ಅಪಾಯ ಇಲ್ಲ ಅಂತ ವರದಿಯಾಗ ನೀವ ಬರದೀರಲ್ಲ?"

"ನೀವು ಮೊದಲ ತಗೋರಿ ಸರ್. ನೀವ ಸಹಿ ಮಾಡೀರಲ್ಲ."

ಇಬ್ಬರು ವಿಜ್ಞಾನಿಗಳೂ ನೀರು ಮುಟ್ಟದೆ, ಮಜ್ಜಿಗೆಯ ಮೇಲೇ ಊಟ ಮುಗಿಸಿದೆವು. ಆ ಮಜ್ಜಿಗೆಗೆ ಯಾವ ನೀರು ಬೆರೆಸಿದ್ದಳೆಂದು ಅವ್ವನನ್ನು ಕೇಳುವ ಧೈರ್ಯ ಇಬ್ಬರಿಗೂ ಆಗಲಿಲ್ಲ.