ಮನೆಯೊಳಗಿನ ಹೆಲ್ಮೆಟ್ಟು

ಸ್ಕೂಟರ್ ಓಡಿಸುವಾಗ ಬರಿತಲೆ, ಮನೆಯೊಳಗೆ ಕುರ್ಚಿಯಲ್ಲಿ ಕೂತು ಪೇಪರ್ ಓದುವಾಗ ಹೆಲ್ಮೆಟ್ಟು. ಇಂಥ ಮನುಷ್ಯ ಇಡೀ ಶಿರಸಿಗೆ ಒಬ್ಬರೇ ಇದ್ದರು, ಅವರು ನಮ್ಮ ಭಾವ! ನನ್ನ ಯಜಮಾನರ ಅಣ್ಣ. ಮದುವೆ ಮಾಡಿಕೊಳ್ಳಲಿಲ್ಲ, ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಲೆ ನಮ್ಮ ಜೊತೆಗೇ ಇದ್ದರು. ಹೆಲ್ಮೆಟ್ ಯಾಕೆಂದು ಯಾರಾದರೂ ಕೇಳಿದರೆ ಉತ್ತರ ಬಾಯಲ್ಲೇ ಇರುತ್ತಿತ್ತು: “ರಸ್ತೆ ಮೇಲೆ ಆಕಾಶ ಇದ್ದು. ಅದು ಇವತ್ತಿನವರೆಗೆ ಬಿದ್ದಿದ್ದಿಲ್ಲೆ. ಈ ಮನೆ ಸ್ಲ್ಯಾಬಿಂದು ಹಂಗಲ್ಲ.”

ತೊಂಬತ್ತರ ದಶಕದ ಕೊನೆಯ ಮಾತು. ಊರಂಚಿನ ಹೊಸ ಬಡಾವಣೆಯಲ್ಲಿ ಒಬ್ಬ ಕಂಟ್ರಾಕ್ಟರು ಸಾಲಾಗಿ ಆರು ಮನೆ ಕಟ್ಟಿ ಮಾರಿದ. ನಮ್ಮದು ನಾಲ್ಕನೆಯದು. ಕೊಳ್ಳುವ ಮುಂಚೆ ಭಾವ ಬಂದು ಗೋಡೆಗೋಡೆಗೂ ಬೆರಳ ಗಂಟಿನಿಂದ ಕುಟ್ಟಿ, ಕಿವಿ ಕೊಟ್ಟು, ಹಲಸಿನಕಾಯಿ ಆರಿಸುವವರ ಹಾಗೆ ತಲೆಯಾಡಿಸಿ, “ಆನು ನೋಡಿದ್ದಿ. ತಗಳಿ” ಅಂದರು. ಅವರು ನೋಡಿದ್ದಾರೆಂದು ತಗೊಂಡೆವು.

ಭಾವನಿಗೆ ಗ್ಯಾರಂಟಿ ಕಾರ್ಡಿನ ಹುಚ್ಚು ಮೊದಲಿನಿಂದಲೂ ಇತ್ತು. ಟಾರ್ಚು, ಮಿಕ್ಸರು, ಗೋಡೆ ಗಡಿಯಾರ, ಎಲ್ಲದರ ಕಾರ್ಡೂ ಬಿಸ್ಕತ್ತಿನ ಡಬ್ಬಿಯಲ್ಲಿ ಭದ್ರ. ಒಮ್ಮೆ ಕೊಡೆ ರಿಪೇರಿಯವನ ಹತ್ತಿರ ಲಿಖಿತ ಗ್ಯಾರಂಟಿ ಕೇಳಿದ್ದಕ್ಕೆ ಅವನು ಕೊಡೆಯನ್ನೇ ವಾಪಸು ಕೊಟ್ಟು ಕಳಿಸಿದ್ದ! ಗೃಹಪ್ರವೇಶದ ದಿನ ಹೋಳಿಗೆ ತಿನ್ನುತ್ತಿದ್ದ ಕಂಟ್ರಾಕ್ಟರನನ್ನೂ ಬಿಡಲಿಲ್ಲ. ಕುಕ್ಕರಿಗೆ ಐದು ವರ್ಷ, ಮಿಕ್ಸರಿಗೆ ಒಂದು ವರ್ಷ, ಮನೆಗೆಷ್ಟು ಎಂದು ಕೇಳಿದರು.

“ಮನೀಗೆಲ್ಲಿ ಕಾರ್ಡ್‌ರೀ ಮಾಸ್ತರ? ನನ್ನ ಮಾತಽ ಗ್ಯಾರಂಟಿ” ಎಂದು ಅವನು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಆ ಮಾತು ಮೊದಲ ಮಳೆಗಾಲವನ್ನೂ ದಾಟಲಿಲ್ಲ. ಆರಿದ್ರಾ ಮಳೆಗೆ ನಡುಮನೆಯ ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪುನರ್ವಸುವಿನ ಹೊತ್ತಿಗೆ ಅದರೊಳಗೆ ಇರುವೆ ಸಾಲುಗಟ್ಟಿತು. ಆರೂ ಮನೆಯದು ಇದೇ ಕತೆ. ಬೆಳಿಗ್ಗೆ ಎದ್ದರೆ ದೇವರಿಗಿಂತ ಮೊದಲು ಗೋಡೆಯ ದರ್ಶನ. ಒಲೆಯ ಮೇಲೆ ಹಾಲಿಟ್ಟು ತಲೆಯ ಮೇಲಿನ ಮಾಡು ನೋಡುತ್ತ ನಿಂತರೆ ಹಾಲು ಉಕ್ಕಿದ್ದೂ ಗೊತ್ತಾಗುತ್ತಿರಲಿಲ್ಲ. ಮಗಳು ಶಾಲೆಯಿಂದ ಬರುವುದು ತಡವಾದರೆ ಹೆದರುವುದು ಎಲ್ಲ ತಾಯಂದಿರ ಪಾಡು. ನನಗೆ ಅವಳು ಮನೆಯೊಳಗೆ ಇದ್ದಾಗಲೇ ಹೆದರಿಕೆ!

ಭಾವ ಕೆಂಪು ಪೆನ್ಸಿಲ್ ತೆಗೆದರು. ಪ್ರತಿ ಬಿರುಕಿನ ತುದಿಗೆ ಅಡ್ಡಗೆರೆ, ಪಕ್ಕದಲ್ಲಿ ತಾರೀಖು. ಬಿರುಕು ಬೆಳೆದರೆ ಇನ್ನೊಂದು ಗೆರೆ, ಇನ್ನೊಂದು ತಾರೀಖು. ಗೋಡೆಯೆಲ್ಲ ತಿದ್ದಿದ ಉತ್ತರಪತ್ರಿಕೆಯ ಹಾಗಾಯಿತು. ಎರಡನೇ ಮಳೆಗಾಲಕ್ಕೆ ಹುಬ್ಬಳ್ಳಿಯಿಂದ ಆ ಕೆಂಪು ಹೆಲ್ಮೆಟ್ ಬಂತು.

ಅದರ ಹಿಂದೆಯೇ ನನಗೆ ಸಿಟ್ಟು ಬರುವ ಕೆಲಸವೊಂದನ್ನು ಮಾಡಿದರು. ನಡುಮನೆಯ ಕಿಟಕಿಯ ಹತ್ತಿರ ಮಗಳ ಓದುವ ಮೇಜಿತ್ತು. ಅವಳದು ಹತ್ತನೇ ಕ್ಲಾಸು. ಭಾವ ಒಂದು ದಿನ ಕಸಬರಿಗೆಯ ಹಿಡಿಯಿಂದ ಮಾಡನ್ನು ಟಕಟಕ ಕುಟ್ಟಿದವರು, ಮೇಜನ್ನು ಎತ್ತಿಸಿ ಅಡುಗೆಮನೆಯ ಹಿಟ್ಟಿನ ಡಬ್ಬಿಗಳ ಸಾಲಿಗೆ ಇಡಿಸಿ, ಆ ಜಾಗದಲ್ಲಿ ತಮ್ಮ ಕುರ್ಚಿ ಹಾಕಿಕೊಂಡರು. ಕೇಳಿದರೆ, ತಮಗೆ ಗಾಳಿ ಬೇಕಂತೆ. ಓದುವ ಹುಡುಗಿಗೆ ಬೆಳಕು ಬೇಡವೇ? ಮಗಳು ಅತ್ತಳು. ನಾನು ನಾಗರಪಂಚಮಿಯ ಮರುದಿನದವರೆಗೆ ತಡೆದುಕೊಂಡು, ಆ ಸಂಜೆ ಚಹದ ಲೋಟವನ್ನು ಅವರ ಮುಂದೆ ಕುಕ್ಕಿ, ಮಕ್ಕಳಿಲ್ಲದವರಿಗೆ ಮಕ್ಕಳ ಕಷ್ಟ ತಿಳಿಯುವುದಿಲ್ಲ ಎಂದುಬಿಟ್ಟೆ. ಅವರು ಹೆಲ್ಮೆಟ್ಟಿನ ಒಳಗಿನಿಂದ ನನ್ನನ್ನು ಒಮ್ಮೆ ನೋಡಿ ಚಹ ಕುಡಿದರು. ಹಾಲು, ಗ್ಯಾಸು, ಅಗಸನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ನಾನು ಅವತ್ತಿನ ಚೌಕದೊಳಗೆ “ಭಾವನ ಸಂಗ್ತಿಗೆ ಮಾತಿಲ್ಲೆ” ಎಂದೂ ಬರೆದೆ.

ಒಂದು ವಿಚಿತ್ರ ಮಾತ್ರ ಗಮನಕ್ಕೆ ಬಂದಿತ್ತು. ಉಂಡ ಬಾಳೆ ಎತ್ತಿ ಗೊತ್ತಿಲ್ಲದ ಮನುಷ್ಯ, ತಮ್ಮ ಕುರ್ಚಿಯ ಸುತ್ತ ತಾವೇ ಗುಡಿಸಿಕೊಳ್ಳುತ್ತಿದ್ದರು. ಅದೇನು ಸದ್ದು ಎಂದು ಮಗಳು ಕೇಳಿದರೆ, ಹಲ್ಲಿ ಬಿತ್ತು ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಅಷ್ಟು ಹಲ್ಲಿಗಳು ಎಲ್ಲಿಂದ ಬಂದವು ಎಂದು ನಾನು ಕೇಳಲಿಲ್ಲ. ಮಾತು ಬಿಟ್ಟಿದ್ದೆನಲ್ಲ!

ಕಂಟ್ರಾಕ್ಟರು ರಿಪೇರಿಗೆ ಬರಲಿಲ್ಲ. ಮನೆ ಕಟ್ಟಿಕೊಡುವುದೂ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ, ಎರಡು ವರ್ಷದೊಳಗೆ ದೂರು ಕೊಡಬೇಕು ಎಂದು ಭಾವ ಓದಿ ತಿಳಿದುಕೊಂಡು, ಆರು ಮನೆಯವರ ಸಹಿ ಹಾಕಿಸಿ ಕಾರವಾರದ ಗ್ರಾಹಕ ನ್ಯಾಯಾಲಯಕ್ಕೆ ಹೋದರು. ಬಿರುಕೆಲ್ಲ ಮೊನ್ನೆ ಮೊನ್ನೆಯದು, ಇವರೇ ಜೋಕಾಲಿ ಕೊಕ್ಕೆ ಹೊಡೆದು ಕೆಡಿಸಿಕೊಂಡಿದ್ದಾರೆ ಎಂದು ಅವನು ಉತ್ತರ ಕೊಟ್ಟ. ಪರೀಕ್ಷೆಗೆ ಎಂಜಿನಿಯರು ಬರುತ್ತಾರೆ, ನಮ್ಮ ಮನೆ ಮೊದಲು ನೋಡುತ್ತಾರೆ ಎಂದು ಕಾಗದ ಬಂತು. ಭಾವ ಆಗ ಮಾಗೋಡಿನ ಕಡೆ ಒಂದು ಉಪನಯನಕ್ಕೆ ಹೋಗಿದ್ದರು.

ಕಾರವಾರದಿಂದ ದೊಡ್ಡವರೊಬ್ಬರು ಮನೆಗೆ ಬರುತ್ತಾರೆಂದರೆ ಏನು ಮಾಡಬೇಕು? ನಮ್ಮ ಸಾಲಿನ ಹೆಂಗಸರೆಲ್ಲ ಏನು ಮಾಡುತ್ತಾರೋ ಅದನ್ನೇ ಮಾಡಿದೆವು. ಬಿರುಕಿಗೆ ಬಿಳಿ ಸಿಮೆಂಟ್ ಮೆತ್ತಿಸಿ, ಆರೂ ಮನೆಗೆ ಸುಣ್ಣ ಹೊಡೆಸಿ, ಬಾಗಿಲಿಗೆ ತೋರಣ ಕಟ್ಟಿ, ಸಿಹಿಗೆಂದು ತೊಡದೇವು ಡಬ್ಬಿ ತುಂಬಿಸಿ ಇಟ್ಟೆವು. ಒಡಕು ಗೋಡೆ ತೋರಿಸಿ ಮರ್ಯಾದೆ ಕಳೆದುಕೊಳ್ಳುವುದುಂಟೆ?

ಎಂಜಿನಿಯರು ಬರುವ ದಿನ ಬೆಳಿಗ್ಗೆ ಭಾವ ಬಂದು ಚೀಲ ಇಳಿಸದೆ ನಿಂತರು. ಹೊಳೆಯುವ ಗೋಡೆಯ ಮೇಲೆ ಅಂಗೈ ಇಟ್ಟರು.

“ತಂಗಿ, ಇಲ್ಲೊಂದು ಬಿರುಕು ಇದ್ದಿತ್ತಲೆ. ಎಲ್ಲಿ ಹೋತು?”

ಮಾತು ಬಿಟ್ಟದ್ದು ಆಗಲೇ ಮುರಿಯಿತು. “ಜನ ಬರ್ತ ಹೇಳಿ ಸುಣ್ಣ ಹೊಡ್ಸಿದ್ದಿ, ಭಾವ” ಎನ್ನುವಷ್ಟರಲ್ಲಿ ನಾನು ಮಾಡಿದ್ದೇನೆಂದು ನನಗೇ ಹೊಳೆಯಿತು. ಎರಡು ವರ್ಷದ ತಾರೀಖುಗಳೆಲ್ಲ ಸುಣ್ಣದ ಕೆಳಗೆ! ಅವರು ಚೀಲ ಇಳಿಸಿ ಅಂಗೈಯ ಸುಣ್ಣ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ಎಂಜಿನಿಯರು ಬಂದರು, ಹಿಂದೆಯೇ ಕಂಟ್ರಾಕ್ಟರು. “ಮನಿ ಛಲೋ ಇಟ್ಟೀರಲ್ರೀ” ಎಂದು ಅವನು ನನ್ನನ್ನು ಹೊಗಳಿದ. ಎಂಜಿನಿಯರು ಗೋಡೆ ಸವರಿ ನೋಡಿ, ಸುಸ್ತಾಗಿ ಭಾವನ ಕುರ್ಚಿಯಲ್ಲಿ ಕೂತರು. ಭಾವ ಅತಿಥಿಗೆ ನೀರು ಕೊಡುವಷ್ಟೇ ಸಹಜವಾಗಿ ಹೆಲ್ಮೆಟ್ ಹಿಡಿದರು. “ಅಲ್ಲಿ ಕೂರೋದಾದ್ರೆ ಇದನ್ನ ಹಾಕ್ಕಳಿ.”

ಎಂಜಿನಿಯರು ನಗುತ್ತ ತೆಗೆದುಕೊಂಡವರು ನಗು ನಿಲ್ಲಿಸಿದರು. ಹೆಲ್ಮೆಟ್ಟಿನ ನೆತ್ತಿಯ ತುಂಬ ಗೀರು, ಜಜ್ಜಿದ ಗುಳಿ. ಪ್ರತಿಯೊಂದರ ಪಕ್ಕದಲ್ಲೂ ಬಿಳಿ ಬಣ್ಣದಲ್ಲಿ ಮೇಷ್ಟರ ದುಂಡು ಅಕ್ಷರದ ತಾರೀಖು, ಗಂಟೆ. ಅವರು ಎದ್ದು ಸುತ್ತಿಗೆಯಿಂದ ಮಾಡು ಕುಟ್ಟಿದರು. ಪೊಳ್ಳು ಸದ್ದು. ಎರಡನೇ ಏಟಿಗೆ ಹೊಸ ಸುಣ್ಣದ ಸಮೇತ ಚಪ್ಪಡಿಯಷ್ಟಗಲ ಸಿಮೆಂಟ್ ಗಿಲಾಯ ಕುರ್ಚಿಯ ಮೇಲೆ ಬಿತ್ತು.

ಕಂಟ್ರಾಕ್ಟರು ಹೊಗಳುವುದನ್ನು ಬಿಟ್ಟ. ಎಂಜಿನಿಯರು ಹೆಲ್ಮೆಟ್ ತಿರುಗಿಸುತ್ತ ಒಂದೊಂದೇ ತಾರೀಖು ಗಟ್ಟಿಯಾಗಿ ಓದಿ ಬರೆದುಕೊಳ್ಳತೊಡಗಿದರು. ನಾನು ಚಹದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಎಲ್ಲವೂ ಸಂಜೆ ಆರು, ಆರೂವರೆ, ಏಳು. ಮಗಳು ಅಲ್ಲಿ ಓದಲು ಕೂರುತ್ತಿದ್ದ ಹೊತ್ತು. ಎಲ್ಲಕ್ಕಿಂತ ದೊಡ್ಡ ಗುಳಿಯ ಪಕ್ಕದ್ದು ಪಂಚಮಿಯ ಮರುದಿನದ, ನಾನು ಕ್ಯಾಲೆಂಡರಿನಲ್ಲಿ ಬರೆದಿಟ್ಟ ತಾರೀಖು. ನಾನು ಲೋಟ ಕುಕ್ಕಿದ ಅರ್ಧ ಗಂಟೆ ಮೊದಲು.

ಕೇಸು ನಮ್ಮ ಪರವಾಯಿತು, ಅವನ ಖರ್ಚಿನಲ್ಲೇ ಆರೂ ಮನೆಯ ಮಾಡು ರಿಪೇರಿಯಾಯಿತು. ಆದರೆ ನಾನು ಅಷ್ಟು ದಿನ ಕಾಯಲಿಲ್ಲ. ಅವರೆಲ್ಲ ಹೋದ ಕೂಡಲೇ ಕೇಳಿದೆ, ಯಾಕೆ ಒಂದು ಮಾತೂ ಹೇಳಲಿಲ್ಲವೆಂದು.

ಭಾವ ಕಸಬರಿಗೆ ಹಿಡಿದು ಗಿಲಾಯದ ಚೂರು ಗುಡಿಸುತ್ತಿದ್ದರು.

“ತಗಳಿ ಹೇಳಿ ಹೇಳಿದವ ಆನೇ ಅಲ್ದಾ, ತಂಗಿ” ಅಂದರು.

ನಾನು ಕಸಬರಿಗೆ ಕಿತ್ತುಕೊಂಡೆ. ಅವರ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಗಳ ಹತ್ತಿರ, ಮಗಳ ಮೇಜಿನ ಪಕ್ಕದಲ್ಲಿ ಹಾಕಿದೆ.