ಸೀಮೆಎಣ್ಣೆಯಲ್ಲಿ ಮಿಂದ ಇಲಿ

ದೇಶದ ತುಂಬ ಜನ ಬ್ರಿಟಿಷರನ್ನು ತೊಲಗಿ ತೊಲಗಿ ಎಂದು ಕೂಗುತ್ತಿದ್ದ ಕಾಲ. ಕೋಲಾರದ ಪೇಟೆಯ ಗಂಗುಲಪ್ಪನಿಗೆ ಬ್ರಿಟಿಷರಿಂದ ಅಂಥ ಉಪದ್ರವವೇನೂ ಇರಲಿಲ್ಲ. ಅವನ ಪಾಲಿನ ಬ್ರಿಟಿಷರೆಂದರೆ ಅವನ ಅಣ್ಣ ಅಪ್ಪಾಜಪ್ಪ. ಅಣ್ಣನಿಗೆ ತೊಲಗು ಎನ್ನುವ ಧೈರ್ಯ ಸಾಲದೆ ಗಂಗುಲಪ್ಪ ತಾನೇ ತೊಲಗಿದ.

ತೊಲಗಿದ್ದು ಊರಾಚೆ, ಶ್ರೀನಿವಾಸಪುರದ ರಸ್ತೆಯಲ್ಲಿ ಹೊಸದಾಗಿ ಗೂಟ ಹೊಡೆದಿದ್ದ ಬಡಾವಣೆಗೆ. ಬಡಾವಣೆ ಎಂಬುದು ಕಾಗದದ ಮೇಲಿನ ಮಾತು. ನೆಲದ ಮೇಲಿದ್ದದ್ದು ಐದಾರು ಮನೆ, ಉಪ್ಪುನೀರಿನ ಒಂದು ಬಾವಿ, ದೀಪವಿಲ್ಲದ ಒಂದು ದೀಪದ ಕಂಬ, ಆ ಕಂಬಕ್ಕೆ ಮೈ ಉಜ್ಜಿಕೊಳ್ಳಲು ಬರುವ ಎಮ್ಮೆಗಳು. ಜಾಗ ಅಗ್ಗಕ್ಕೆ ಸಿಕ್ಕಿದ್ದಕ್ಕೂ ಕಾರಣವಿತ್ತು. ಬೀದಿ ಮುಗಿಯುವಲ್ಲಿ ಊರಿನ ಸುಡುಗಾಡು ಶುರುವಾಗುತ್ತಿತ್ತು. ಸತ್ತ ಮೇಲೆ ಹೆಂಗೂ ಹೋಗುವ ಜಾಗಕ್ಕೆ ಬದುಕಿರುವಾಗಲೇ ಯಾಕೆ ಹೋಗಬೇಕು ಎಂದು ಹೆಂಡತಿ ಬಚ್ಚಮ್ಮ ಕೇಳಿದ್ದಳು. ಗಂಗುಲಪ್ಪ ಅವಳಿಗೆ ಶುದ್ಧವಾಯುವಿನ ಮಹಿಮೆಯನ್ನು ಕುರಿತು ಉಪನ್ಯಾಸ ಕೊಟ್ಟ. (ವಾಯು ಶುದ್ಧವಾಗಿಯೇ ಇತ್ತು. ಸುಡುಗಾಡಿನ ಕಡೆಯಿಂದ ಬೀಸದ ದಿನ.)

ಅವನು ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಏಜೆಂಟು. ಯುದ್ಧದ ದೆಸೆಯಿಂದ ಪೆಟ್ರೋಲಿಲ್ಲದೆ ಬಸ್ಸುಗಳೆಲ್ಲ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದವು. ಮುಳಬಾಗಿಲಿನ ಬಸ್ಸಿಗೆ ಇಬ್ಬರ ಸೀಟಿನಲ್ಲಿ ನಾಲ್ವರನ್ನು ತುರುಕುವುದು ಗಂಗುಲಪ್ಪನ ಹಗಲಿನ ಉದ್ಯೋಗ. ಸಂಜೆ ಪೇಟೆಯ ಮನೆಗೆ ಬಂದರೆ ಅವನನ್ನೇ ತುರುಕುತ್ತಿದ್ದರು. ಅಣ್ಣನ ಸಂಸಾರ ಬೆಳೆದ ಹಾಗೆಲ್ಲ ಅವನ ಚಾಪೆ ಕೋಣೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಕೊಟ್ಟಿಗೆಯ ಪಕ್ಕಕ್ಕೆ ಸರಿದು, ಕೊನೆಗೆ ಹಸು ಕಾಲು ಝಾಡಿಸಿದರೆ ತಲೆಗೆ ತಗಲುವಷ್ಟು ಹತ್ತಿರಕ್ಕೆ ಬಂದಿತ್ತು. ಹಾಗಾಗಿ ಬಚ್ಚಮ್ಮನ ಕೊರಳ ಒಡವೆ ಕರಗಿಸಿ, ಒಂದು ಪಡಸಾಲೆ, ಒಂದು ಕೋಣೆ, ಅಡಿಗೆಮನೆ ಎಬ್ಬಿಸಿ, ಮೇಲೆ ಮಂಗಳೂರು ಹೆಂಚು ಹೊದಿಸಿದ. ಒಬ್ಬಳೇ ಮಗಳನ್ನು ಮಾಲೂರಿಗೆ ಕೊಟ್ಟಾಗಿತ್ತು. ಇಬ್ಬರೇ. ಪಡಸಾಲೆಯ ನಟ್ಟನಡುವೆ ಮಂಚ ಹಾಕಿ ಕೈಕಾಲು ನಾಲ್ಕೂ ದಿಕ್ಕಿಗೆ ಚೆಲ್ಲಿ ಮಲಗಿದ ಮೊದಲ ದಿನ ಗಂಗುಲಪ್ಪ ಅತ್ತುಬಿಟ್ಟ. ಇದು ಸ್ವರಾಜ್ಯ, ಇದಕ್ಕಿಂತ ದೊಡ್ಡದನ್ನು ಯಾರೂ ತರಲಾರರು ಎಂದು ಅವನಿಗೆ ಖಾತ್ರಿಯಾಗಿತ್ತು.

ಸ್ವರಾಜ್ಯ ಒಂದು ವರ್ಷ ನಡೆಯಿತು. ಆಮೇಲೆ ಪೇಟೆಯಲ್ಲಿ ಇಲಿ ಬಿತ್ತು.

ಇಲಿ ಬಿತ್ತು ಅಂದರೆ ಪ್ಲೇಗು ಬಂತು ಅಂತಲೇ ಅರ್ಥ. ಸೂರಿನಿಂದ ಇಲಿಗಳು ತಾವಾಗಿಯೇ ಉದುರಿ, ಸುತ್ತು ತಿರುಗಿ ಸಾಯತೊಡಗಿದರೆ ಜನ ಬೀಗ ಜಡಿದು ಊರು ಬಿಡಬೇಕು. ಹೊಲಗಳಲ್ಲಿ ಸೋಗೆಯ ಗುಡಿಸಲು ಹಾಕಿಕೊಂಡವರು ಹಾಕಿಕೊಂಡರು. ಅಪ್ಪಾಜಪ್ಪ ಗಾಡಿ ಕಟ್ಟಿಸಿದ. ಹೆಂಡತಿ ದೊಡ್ಡಗಂಗಮ್ಮ, ಇಬ್ಬರು ಮಕ್ಕಳು, ಸೊಸೆಯರು, ಲೆಕ್ಕಕ್ಕೆ ಸಿಗದಂತೆ ಓಡಾಡುವ ಮೊಮ್ಮಕ್ಕಳು, ಬುಟ್ಟಿ ತುಂಬ ಕೋಳಿ, ಹಿಂದೆ ಆ ಹಸು. ಗಂಗುಲಪ್ಪನ ಹೊಸ ಮನೆಯ ಜಗಲಿಯ ಮೇಲೆ ನಿಂತು ತಮ್ಮನ ಹೆಗಲ ಮೇಲೆ ಕೈಯಿಟ್ಟು ಅಪ್ಪಾಜಪ್ಪ ಹೇಳಿದ: "ಲೇ ಗಂಗುಲೂ, ನೀನು ಮನೆ ಕಟ್ಟಿದ್ದು ಅಲ್ಲ ಕಣೋ. ದೇವರು ನಿನ್ನ ಕೈಲಿ ನಮಗೋಸ್ಕರ ಕಟ್ಟಿಸಿದ್ದು."

ಗಂಗುಲಪ್ಪ ನಕ್ಕ. ಅಳುವುದಕ್ಕೆ ಜಾಗವಿರಲಿಲ್ಲ.

ಮಂಚ ಅಣ್ಣನಿಗೆ ಹೋಯಿತು. ಕೋಣೆ ಸೊಸೆಯರಿಗೆ. ಗಂಗುಲಪ್ಪ ಜಗಲಿಗೆ, ಕೋಳಿ ಬುಟ್ಟಿಯ ಪಕ್ಕಕ್ಕೆ. ಹಗಲೆಲ್ಲ ಅಣ್ಣ, ಅತ್ತಿಗೆ ಜಗಲಿಯಲ್ಲಿ ಕೂತು ಸುಡುಗಾಡಿಗೆ ಹೋಗುವ ಹೆಣಗಳನ್ನು ಗುರುತು ಹಿಡಿಯುತ್ತಿದ್ದರು. ಪ್ಲೇಗಿನ ಹೆಣಕ್ಕೆ ತಮಟೆಯಿಲ್ಲ, ಬಂಧುಗಳ ಹಿಂಡಿಲ್ಲ. ಮೂಗಿಗೆ ಬಟ್ಟೆ ಕಟ್ಟಿದ ನಾಲ್ವರು ಅರೆಓಟದಲ್ಲಿ ಹೊತ್ತು ಹೋಗುತ್ತಿದ್ದರು. ಕೆಲವು ಸಲ ಇಬ್ಬರೇ. ಹೊರುವವರ ಮುಖ ನೋಡಿ ಹೊತ್ತದ್ದು ಯಾರನ್ನು ಎಂದು ಹೇಳುವುದರಲ್ಲಿ ದೊಡ್ಡಗಂಗಮ್ಮ ಪಳಗಿಬಿಟ್ಟಳು. ಪೇಟೆಯಲ್ಲೇ ಕೂತಿದ್ದರೆ ಇಷ್ಟೊಂದು ಜನ ಹೋದದ್ದು ಗೊತ್ತೇ ಆಗುತ್ತಿರಲಿಲ್ಲವೆಂದು ಮೈದುನನ ಮನೆಯ ಅನುಕೂಲವನ್ನು ಹೊಗಳಿದಳು. ಬಚ್ಚಮ್ಮ ಉಪ್ಪುನೀರು ಸೇದಿ ಸೇದಿ, ರಾಗಿ ಬೀಸಿ ಬೀಸಿ, ಮುದ್ದೆ ಕಟ್ಟಿ ಕಟ್ಟಿ, ಗಂಡನ ಕಡೆ ನೋಡುವುದನ್ನೇ ಬಿಟ್ಟಳು. ನೋಡಿದ ದಿನ ಒಂದೇ ಮಾತು: "ಶುದ್ಧವಾಯು ಸಾಕಾ?"

ಅಣ್ಣನಿಗೆ ಹೋಗೆನ್ನಲು ಗಂಗುಲಪ್ಪನಿಗೆ ಈಗಲೂ ನಾಲಿಗೆ ಏಳಲಿಲ್ಲ. ಅವರನ್ನು ಎಬ್ಬಿಸಬಲ್ಲದ್ದು ಒಂದೇ ಎಂದು ಹೊಳೆಯಿತು. ಇಲಿಗೆ ಹೆದರಿ ಬಂದವರು ಇಲಿಗೆ ಹೆದರಿಯೇ ಹೋಗಬೇಕು. ಈ ಮನೆಯಲ್ಲಿ ಒಂದು ಇಲಿ ಬಿದ್ದರೆ ಸಂಜೆಯೊಳಗೆ ಗಾಡಿ ಕಟ್ಟಿಸಿ ಅತ್ತಿಗೆಯ ತೌರು ಹೋಳೂರಿಗೆ ಹೊರಡುತ್ತಾರೆ. ಆಮೇಲೆ ಇಲಿಯನ್ನು ಹಿತ್ತಲಲ್ಲಿ ಸುಟ್ಟುಬಿಟ್ಟರೆ ಆಯಿತು. ಇಲಿಕತ್ತರಿಗೆ ಬಿದ್ದ ಇಲಿ ಆಗದು, ಅದರ ಕತ್ತು ಮುರಿದಿರುತ್ತದೆ. ಹೆಣಗಳನ್ನೇ ಗುರುತು ಹಿಡಿಯುವ ಅತ್ತಿಗೆ ಅಷ್ಟು ಗುರುತಿಸಳೇ? ತಾನಾಗಿ ಬಿದ್ದ ಇಲಿಯೇ ಬೇಕು.

ಅತ್ತಿಗೆಗೆ ಪೇಟೆಯ ಮನೆಯಲ್ಲಿ ಬಿಟ್ಟುಬಂದ ಮಾವಿನ ಉಪ್ಪಿನಕಾಯಿಯ ಚಿಂತೆ. ಬೀಗ ಜಡಿದ ಮನೆಗೆ ಯಾರೂ ಕಾಲಿಡಕೂಡದೆಂದು ಡಂಗುರ ಸಾರಿದ್ದರು. ನಾನು ತರುತ್ತೇನೆ ಎಂದ ಗಂಗುಲಪ್ಪ. ಜನ್ಮದಲ್ಲಿ ಮೊದಲ ಸಲ ಮೈದುನ ಕೇಳದೆ ಕೆಲಸ ಒಪ್ಪಿಕೊಂಡನಲ್ಲ ಎಂದು ಅತ್ತಿಗೆಯ ಕಣ್ಣು ತುಂಬಿತು.

ನಡುಮಧ್ಯಾಹ್ನ ಪೇಟೆಯಲ್ಲಿ ನಾಯಿಯೂ ಇರಲಿಲ್ಲ. ಬೀದಿಯ ಎರಡೂ ಕಡೆ ಬೀಗ, ಬಾಗಿಲ ಮೇಲೆ ಸುಣ್ಣದ ಗುರುತು. ಕೆಲವು ಮನೆಗಳ ಹೆಂಚು ಕಿತ್ತು, ಒಳಗೆ ಬಿಸಿಲು ಬೀಳಲೆಂದು ಬೋಳು ಬಿಟ್ಟಿದ್ದರು. ಇಪ್ಪತ್ತು ವರ್ಷ ತನ್ನನ್ನು ಹಿಂಡಿದ ಮನೆಯೊಳಗೆ ಗಂಗುಲಪ್ಪ ಒಬ್ಬನೇ ನಿಂತ. ಎಷ್ಟು ದೊಡ್ಡ ಮನೆ ಎನಿಸಿತು. ರಾಗಿಯ ವಾಡೆಯ ಪಕ್ಕ ಒಂದಲ್ಲ, ಬೇಕಾದಷ್ಟು ಬಿದ್ದಿದ್ದವು. ಇಕ್ಕಳದಲ್ಲಿ ಒಂದನ್ನು ಎತ್ತಿ, ಜೇಬಿನಿಂದ ಸೀಸೆ ತೆಗೆದು ಅದಕ್ಕೆ ತಲೆಯಿಂದ ಬಾಲದವರೆಗೆ ಸೀಮೆಎಣ್ಣೆಯ ಅಭ್ಯಂಜನ ಮಾಡಿಸಿದ. ರೋಗ ಹರಡುವುದು ಇಲಿಯಲ್ಲ, ಅದರ ಮೈಮೇಲಿನ ಚಿಗಟ ಎಂದು ಅವನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೇ ಬರೆದಿತ್ತಲ್ಲ. ಮುತ್ತುಗದ ಎಲೆಯಲ್ಲಿ ಸುತ್ತಿ, ಉಪ್ಪಿನಕಾಯಿ ಜಾಡಿಯ ಜೊತೆಗೇ ತಂದ.

ಮಾರನೆಯ ಬೆಳಿಗ್ಗೆ ಅಡಿಗೆಮನೆಯ ಮೂಲೆಯಲ್ಲಿ ಇಲಿಯನ್ನು ಕಂಡು ಹಿರಿಯ ಸೊಸೆ ಕಿರುಚಿದಳು. ಎಲ್ಲ ಲೆಕ್ಕದಂತೆಯೇ ನಡೆಯಿತು, ಕಾಲು ಗಳಿಗೆ. ಹೋಳೂರಿಗೆ ಗಾಡಿ ಕಟ್ಟಿಸಲೇ ಎಂದು ಗಂಗುಲಪ್ಪ ಕೇಳಿದ, ಆದಷ್ಟು ದುಃಖದ ದನಿಯಲ್ಲಿ.

"ಎಲ್ಲಿ ಹೋಳೂರಯ್ಯಾ," ಎಂದಳು ದೊಡ್ಡಗಂಗಮ್ಮ. "ಪೇಟೆಯವ್ರು ಬರಬಾರ್ದು ಅಂತ ಊರಬಾಗ್ಲಿಗೆ ಮುಳ್ಳು ಹಾಕವ್ರೆ. ನಮ್ಮಣ್ಣನೇ ಕೋಲು ಹಿಡ್ಕೊಂಡು ನಿಂತವ್ನಂತೆ. ಅದಕ್ಕೇ ಅಲ್ವಾ ಇಲ್ಲಿಗೆ ಬಂದಿದ್ದು."

ಗಂಗುಲಪ್ಪನಿಗೆ ಇದು ಹೊಸ ಸುದ್ದಿ. ಅಷ್ಟರಲ್ಲಿ ಕಾಯ್ದೆಗೆ ತಲೆಬಾಗಿ ಬದುಕಿದ ಅಪ್ಪಾಜಪ್ಪ ಹಿರಿಯ ಮಗನನ್ನು ಹೆಲ್ತ್ ಇನ್ಸ್‌ಪೆಕ್ಟರ ಹತ್ತಿರ ಓಡಿಸಿ ಆಗಿತ್ತು.

ಇನ್ಸ್‌ಪೆಕ್ಟರು ಸೈಕಲ್ಲಿನಲ್ಲಿ ಬಂದರು. ಹಿಂದೆ ಏಣಿ ಹೊತ್ತ ಕೂಲಿಗಳು. ಇಲಿಯನ್ನು ಕೋಲಿನಿಂದ ಅಂಗಳಕ್ಕೆ ತಳ್ಳಿಸಿ, ಹೊರಳಿಸಿ ನೋಡಿ, ಮನೆ ಖಾಲಿ ಮಾಡಿ ಎಂದರು. ಹೆಂಚು ಇಳಿಸಬೇಕು, ಗೋಡೆಗೆ ಮದ್ದು ಹೊಡೆಯಬೇಕು, ಎಲ್ಲರೂ ಹೊಲದ ಗುಡಿಸಲಿಗೆ ನಡೆಯಬೇಕು. ಆಗಲೇ ಮೋಡ ಕಟ್ಟಿತ್ತು. ಕೂಲಿಯವನು ಏಣಿ ಹತ್ತಿದ. ಮೊದಲನೆಯ ಹೆಂಚು ಕೈಜಾರಿ ಜಗಲಿಯ ಮುಂದೆ ಬಿದ್ದು ಎರಡು ಹೋಳಾಯಿತು. ಎರಡನೆಯದಕ್ಕೆ ಕೈಹಾಕಿದ.

"ಸಾಮೀ, ನಿಲ್ಸಿ," ಎಂದ ಗಂಗುಲಪ್ಪ. "ಆ ಇಲಿ ಈ ಮನೇದಲ್ಲ."

"ಮತ್ತೆ ಯಾರ ಮನೇದು?"

"ನಮ್ಮಣ್ಣನ ಮನೇದು. ನಾನೇ ತಂದಿದ್ದು."

ಏಣಿಯ ಮೇಲಿನವನೂ ಬಗ್ಗಿ ನೋಡಿದ. ಬಚ್ಚಮ್ಮ ಮುಂದೆ ಬಂದು ಇಲಿಯ ಮೇಲೆ ಬಾಗಿ ಮೂಸಿದಳು. ಅವಳಿಗೆ ಎಲ್ಲಕ್ಕಿಂತ ಮೊದಲು ಅರ್ಥವಾದದ್ದು ಅದು. ರೇಷನ್ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತು ತಂದ ಒಂದು ಸೀಸೆ ಸೀಮೆಎಣ್ಣೆ. ಅದಿಲ್ಲದೆ ಹಿಂದಿನ ರಾತ್ರಿ ಅವಳು ಕತ್ತಲಲ್ಲಿ ಮುದ್ದೆ ತೊಳಸಿದ್ದಳು. "ನನಗೆ ದೀಪಕ್ಕಿಲ್ಲ, ಇದಕ್ಕೆ ತಲೆಗೆ ಎಣ್ಣೆ," ಎಂದಳು. ಅಷ್ಟೇ ಅಂದದ್ದು.

ಅಪ್ಪಾಜಪ್ಪ ತಮ್ಮನ ಕಡೆ ತಿರುಗಿದ. ಮೊಮ್ಮಗು ಒಂದು ಅವನ ಕಾಲು ಹಿಡಿದು ನಿಂತಿತ್ತು.

"ನಮ್ಮನ್ನ ಕಳ್ಸೋಕೆ ಸಾವನ್ನೇ ಮನೆಗೆ ತಂದೇನೋ? ಬಾಯ್ಬಿಟ್ಟು ಹೋಗು ಅಂದಿದ್ರೆ ಹೋಗ್ತಿದ್ವಲ್ಲೋ."

"ಎಲ್ಲಿಗೆ ಹೋಗ್ತಿದ್ರಿ ಬಾವ?" ಎಂದಳು ಬಚ್ಚಮ್ಮ.

ಅಪ್ಪಾಜಪ್ಪ ಬಗ್ಗಿ ಮೊಮ್ಮಗುವನ್ನು ಎತ್ತಿಕೊಂಡ.

ಇನ್ಸ್‌ಪೆಕ್ಟರಿಗೆ ಇಂಥ ಕಲಹಗಳನ್ನು ಕೇಳಲು ಪುರಸೊತ್ತಿರಲಿಲ್ಲ. ಯಾರು ಯಾರು ಮುಟ್ಟಿದ್ದೀರಿ ಎಂದರು. ತಾನೊಬ್ಬನೇ ಎಂದ ಗಂಗುಲಪ್ಪ, ಅಣ್ಣನ ಮನೆಯೊಳಗೆ ಹೋದವನೂ ತಾನೊಬ್ಬನೇ ಎಂದು, ಹೆಂಚಿನ ಆಸೆಗೆ, ಸತ್ಯವನ್ನು ಇನ್ನಷ್ಟು ಸ್ಪಷ್ಟಪಡಿಸಿದ.

"ಹಾಗಾದ್ರೆ ಮನೆಗೇನೂ ದೋಷವಿಲ್ಲ," ಎಂದರು ಇನ್ಸ್‌ಪೆಕ್ಟರು. "ಇವರೆಲ್ಲ ಇಲ್ಲೇ ಇರಬಹುದು. ಎಲ್ಲರಿಗೂ ಸೂಜಿ ಹಾಕಿಸ್ತೀನಿ. ದೋಷ ಇರೋದು ನಿನಗೆ. ನಡಿ."

ಅವನನ್ನು ಕರೆದೊಯ್ದದ್ದು ಸುಡುಗಾಡಿನ ಬೇಲಿಯ ಪಕ್ಕದ ಒಂಟಿ ಗುಡಿಸಲಿಗೆ. ರೋಗಿಗಳ ಜೊತೆ ಇರಿಸುವಂತಿಲ್ಲ, ಇನ್ನೂ ಜ್ವರವಿಲ್ಲ. ಜನರ ಜೊತೆ ಬಿಡುವಂತಿಲ್ಲ, ಬರಬಹುದು. ಸೋಗೆಯ ಗೋಡೆ, ಮಣ್ಣಿನ ನೆಲ, ಒಬ್ಬನೇ. ಕೈಕಾಲು ನಾಲ್ಕೂ ದಿಕ್ಕಿಗೆ ಚೆಲ್ಲಿ ಮಲಗಿದರೂ ತಡೆಯುವವರಿಲ್ಲ. ಅವನು ಮುದುಡಿಯೇ ಮಲಗಿದ. ಎಚ್ಚರವಾದಾಗಲೆಲ್ಲ ತೊಡೆಸಂದಿಗೆ, ಕಂಕುಳಿಗೆ ಕೈ ಹೋಗುತ್ತಿತ್ತು, ಗಂಟು ಕಟ್ಟಿದೆಯೋ ನೋಡಲು. ಎದುರಿನ ದಾರಿಯಲ್ಲಿ ಹೆಣಗಳು ಬರುತ್ತಲೇ ಇದ್ದವು. ಇಲ್ಲಿಂದ ನೋಡಿದರೆ ಹೊರುವವರ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ.

ಬಚ್ಚಮ್ಮ ದಿನವೂ ಊಟ ತಂದು ದೂರದ ಕಲ್ಲಿನ ಮೇಲಿಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದಳು. ಒಡೆದ ಹೆಂಚಿಗೆ ತಗಡು ಹೊದಿಸಿದ್ದನ್ನು, ಹಸು ಗಬ್ಬವಾದದ್ದನ್ನು ಹೇಳುತ್ತಿದ್ದಳು. ನಾಲ್ಕು ದಿನ ಕಳೆದ ಮೇಲೆ ಗಂಗುಲಪ್ಪ ತಡೆಯಲಾರದೆ ಕೇಳಿದ: "ಅಣ್ಣ ಇನ್ನೂ ಎಷ್ಟು ದಿನ ಇರ್ತಾನಂತೆ?"

ಬಚ್ಚಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು.

"ನಾನೂ ಕೇಳ್ದೆ. ನೀವು ವಾಪಸ್ ಬರ್ತೀರೋ ಇಲ್ವೋ ನೋಡ್ಕೊಂಡು ಹೇಳ್ತಾರಂತೆ."